ರೋಮ್‌ಗೆ ಹೊರಟ ಮಗಳಿಗೆ

ಮೈಸೂರು
ಜನವರಿ

ಪುಟ್ಟಿ,

ನಿನ್ನೆ ಫೋನಿನಲ್ಲಿ, ನಿನ್ನ ಜೊತೆ ರೋಮ್‌ಗೆ ಬರುವ ಯಹೂದಿ ಗೆಳತಿಯ ಬಗ್ಗೆ ನೀನು ಹೇಳಿದ ಒಂದು ಮಾತು ರಾತ್ರಿಯೆಲ್ಲ ತಲೆಯಲ್ಲೇ ಕೂತಿತ್ತು. "ಅವಳು ಕೋಷರ್ ಅಮ್ಮ. ಪರವಾಗಿಲ್ಲ, ಹಣ್ಣುಗಿಣ್ಣು ತಿಂದ್ಕೊಂಡು ಅಡ್ಜಸ್ಟ್ ಮಾಡ್ಕೋತಾಳಂತೆ." ಕೋಷರ್ ಅಂದರೆ ಯಹೂದಿ ಧರ್ಮದ ಊಟದ ಕಟ್ಟುಪಾಡು, ಅಷ್ಟು ಸುಲಭದ್ದಲ್ಲ. ಅದಕ್ಕೇ ಈ ಕಾಗದ. ಫೋನಿನಲ್ಲಾದರೆ ನೀನು ಅರ್ಧಕ್ಕೇ "ಸರಿ ಸರಿ" ಅಂದುಬಿಡುತ್ತೀಯ.

ಅಡ್ಜಸ್ಟ್ ಮಾಡಿಕೊಳ್ಳುವುದು ಅಂದರೆ ಏನೆಂದು ನನಗೆ ಗೊತ್ತು. ಮದುವೆಯಾದ ಹೊಸತರಲ್ಲಿ ನಿಮ್ಮಪ್ಪನ ಜೊತೆ ಕೆಲಸ ಮಾಡುತ್ತಿದ್ದವರೆಲ್ಲ ಸೇರಿ ನಾಲ್ಕು ದಿನ ಪ್ಯಾರಿಸ್‌ಗೆ ಹೋಗಿದ್ದೆವು. ಗುಂಪಿನಲ್ಲಿ ಮೊಟ್ಟೆಯನ್ನೂ ಮುಟ್ಟದವಳು ನಾನೊಬ್ಬಳೇ. ನಾಲ್ಕು ದಿನವೂ ಬ್ರೆಡ್ಡು, ಸೇಬು, ಬ್ರೆಡ್ಡು. ಜೊತೆಗಿದ್ದವರು ಒಳ್ಳೆಯವರೇ, ಪ್ರತಿ ಹೊತ್ತೂ "ನಿಮಗೇನಾದರೂ ಸಿಕ್ಕಿತಾ" ಎಂದು ಕೇಳುತ್ತಿದ್ದರು. ಹಸಿವಿಲ್ಲ ಅನ್ನುತ್ತಿದ್ದೆ. ಐಫೆಲ್ ಗೋಪುರ ಈಗ ಮಸುಕು ಮಸುಕಾಗಿದೆ. ಖಾಲಿ ತಟ್ಟೆ ಮುಂದಿಟ್ಟುಕೊಂಡು ಎಲ್ಲರ ಜೊತೆ ನಗುತ್ತಾ ಕೂತದ್ದು ಮಾತ್ರ ಚೆನ್ನಾಗಿ ನೆನಪಿದೆ. ನಿನ್ನ ಗೆಳತಿಯನ್ನು ಹಾಗೆ ಕೂರಿಸಬೇಡ.

ಗೋಲ್ಡರ್ಸ್ ಗ್ರೀನ್‌ನ ಮನೆ ನಿನಗೆ ನೆನಪಿರಲಾರದು, ಲಂಡನ್ ಬಿಟ್ಟಾಗ ನೀನು ತುಂಬ ಚಿಕ್ಕವಳು. ನಮ್ಮ ಪಕ್ಕದ ಮನೆಯವರು ಯಹೂದಿಗಳು. ನಾವು ಅಲ್ಲಿಗೆ ಹೋದ ಮೊದಲ ವರ್ಷವೇ ಯುಗಾದಿಗೆ ಒಬ್ಬಟ್ಟು, ಚಿತ್ರಾನ್ನ ತಟ್ಟೆ ತುಂಬ ತುಂಬಿಕೊಂಡು ಅವರ ಮನೆಗೆ ಹೋದೆ. ಆ ಹೆಂಗಸು ಬಾಗಿಲಲ್ಲೇ ನಿಂತು, ಮುಖ ಕೆಂಪಾಗಿ, ನಾವು ತಿನ್ನುವ ಹಾಗಿಲ್ಲ ಅಂದರು. ಮಾಂಸ ಇಲ್ಲ, ಮೊಟ್ಟೆ ಇಲ್ಲ, ಇನ್ನೇನು ಎಂದು ನಾನು ವಾದಕ್ಕೇ ನಿಂತೆ. ಮನೆಗೆ ಬಂದು ಅತ್ತೆ.

ವಾರ ಬಿಟ್ಟು ಅವರೇ ಬಂದು ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋದರು. ಹಾಲಿನದಕ್ಕೆ ಒಂದು ಸಿಂಕು, ಮಾಂಸದ್ದಕ್ಕೆ ಇನ್ನೊಂದು. ಪಾತ್ರೆ, ಚಮಚ, ಪಾತ್ರೆ ಉಜ್ಜುವ ನಾರು ಎಲ್ಲವೂ ಎರಡೆರಡು. ಅವತ್ತು ಅಲ್ಲೇ ಚಿತ್ರಾನ್ನ ಮಾಡಿದೆ. ಅವರ ಬಾಣಲೆ, ಅವರ ಎಣ್ಣೆ. ಕರಿಬೇವಿನ ಒಂದೊಂದು ಎಲೆಯನ್ನೂ ಹುಳ ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿದರು. ಒಲೆಯನ್ನು ಮಾತ್ರ ತಾವೇ ಹಚ್ಚಿದರು, ಸೌಟು ನನ್ನ ಕೈಗೆ ಕೊಟ್ಟರು. ನಮ್ಮಜ್ಜಿಯ ಮಡಿ ನೋಡಿಕೊಂಡು ಬೆಳೆದವಳು ನಾನು, ಇದೂ ಅದೇ ಇರಬೇಕು ಅಂದುಕೊಂಡಿದ್ದೆ. ಅದಲ್ಲ. ಮಡಿಯಲ್ಲಿದ್ದ ಅಜ್ಜಿ ಮೊಮ್ಮಗಳಾದ ನನ್ನನ್ನೇ ದೂರ ನಿಲ್ಲಿಸುತ್ತಿದ್ದಳು. ಇಲ್ಲಿ ನಾನು ಒಲೆಯ ಮುಂದೆಯೇ ನಿಂತಿದ್ದೆ. ಅವರು ಕಾಯುತ್ತಿದ್ದುದು ಪದಾರ್ಥವನ್ನು, ಪಾತ್ರೆಯನ್ನು, ಹಚ್ಚಿದ ಬೆಂಕಿಯನ್ನು.

ಆದ್ದರಿಂದ ಮೊದಲ ಮಾತು. ವೆಜಿಟೇರಿಯನ್ ಹೋಟೆಲ್ ಹುಡುಕಿದರೆ ಇಬ್ಬರಿಗೂ ಆಯಿತು ಎಂದು ನೀನು ಲೆಕ್ಕ ಹಾಕಿದ್ದೀಯಲ್ಲ, ಅದು ನಡೆಯುವುದಿಲ್ಲ. ಪಾತ್ರೆ, ಚೀಸು, ವೈನು, ಸರಿಯಾಗಿ ನೋಡದ ಸೊಪ್ಪು, ಎಲ್ಲವೂ ಅವಳಿಗೆ ಪ್ರಶ್ನೆಯೇ. ಚೀಸಿನ ವಿಷಯ ನಿನಗೂ ಸೇರಿದ್ದು. ಇಟಲಿಯ ಪಾರ್ಮಿಜಾನೊ ಚೀಸಿಗೆ ಹಾಲು ಹೆಪ್ಪುಗಟ್ಟಿಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿ. ರೋಮ್‌ನಲ್ಲಿ ಪಾಸ್ತಾದ ಮೇಲೆ ತುರಿದು ಉದುರಿಸುವ ಪೆಕೊರಿನೊಗೆ ಕುರಿಮರಿಯದ್ದು. ಸಸ್ಯಾಹಾರಿ ಅಂದುಕೊಂಡು ನಾನು ಎಷ್ಟು ವರ್ಷ ತಿಂದೆನೋ.

ಇನ್ನು ಯೋಜನೆ. ನೀನು ಕಳಿಸಿದ ಪಟ್ಟಿಯಲ್ಲಿ ಶುಕ್ರವಾರ ರಾತ್ರಿ ಊರು ಮುಟ್ಟುವುದು, ಶನಿವಾರ ವ್ಯಾಟಿಕನ್, ಭಾನುವಾರ ವಾಪಸ್ ಎಂದಿದೆ. ಅದನ್ನು ಹರಿದು ಹಾಕು. ಮೊದಲು ಯಹೂದಿಗಳ ವಾರದ ವಿಶ್ರಾಂತಿ ದಿನವಾದ ಶಬ್ಬತ್ತನ್ನು ಇಟ್ಟುಕೋ, ಉಳಿದ ದಿನಗಳನ್ನು ಅದರ ಸುತ್ತ ಜೋಡಿಸು. ಫೆಬ್ರವರಿ ಮೂರನೇ ವಾರ ರೋಮ್‌ನಲ್ಲಿ ಸೂರ್ಯ ಮುಳುಗುವುದು ಸುಮಾರು 5:45ಕ್ಕೆ. ಅದಕ್ಕೆ 18 ನಿಮಿಷ ಮೊದಲು ಅವಳು ದೀಪ ಹಚ್ಚಬೇಕು. ಅಲ್ಲಿಂದ ಶನಿವಾರ ಕತ್ತಲಾಗಿ ನಕ್ಷತ್ರ ಮೂಡುವವರೆಗೆ, ಹತ್ತಿರ ಹತ್ತಿರ 25 ಗಂಟೆ, ಬಸ್ಸಿಲ್ಲ, ಫೋನಿಲ್ಲ, ದುಡ್ಡು ಮುಟ್ಟುವಂತಿಲ್ಲ, ಸ್ವಿಚ್ ಒತ್ತುವಂತಿಲ್ಲ. ವಿಮಾನ ಮೂರು ಗಂಟೆ ತಡವಾದರೆ ಅವಳ ಗತಿಯೇನು ಯೋಚಿಸು. ಗುರುವಾರ ಹೊರಡಿ.

ತಿಂಗಳು ಬದಲಾಯಿಸಿದ್ದು ಒಳ್ಳೆಯದೇ ಆಯಿತು. ನೀವು ಮೊದಲು ಅಂದುಕೊಂಡಿದ್ದ ಏಪ್ರಿಲ್‌ನಲ್ಲಿ ಪೆಸಾಖ್ ಹಬ್ಬ ಬಂದರೆ ಎಂಟು ದಿನ ಬ್ರೆಡ್ಡಿನ ಚೂರೂ ಇಲ್ಲ, ಎಷ್ಟೋ ಅಂಗಡಿಗಳು ಮುಚ್ಚಿರುತ್ತವೆ. ಜೂನ್ ಆಗಿದ್ದರೆ ಶಬ್ಬತ್ ಮುಗಿಯುವ ಹೊತ್ತಿಗೆ ರಾತ್ರಿ ಒಂಬತ್ತೂವರೆ ದಾಟುತ್ತದೆ. ಫೆಬ್ರವರಿಯಲ್ಲಿ ಏಳಕ್ಕೆಲ್ಲ ಮುಗಿದು, ಶನಿವಾರ ರಾತ್ರಿಯ ರೋಮ್ ಪೂರ್ತಿ ನಿಮ್ಮದು.

ಕೋಣೆ ಯಹೂದಿಗಳ ಹಳೆಯ ಕೇರಿಯಾದ ಘೆಟ್ಟೊದಿಂದ ನಡೆದು ಹೋಗುವಷ್ಟು ಹತ್ತಿರ ಇರಲಿ, ಬಾಡಿಗೆ ಸ್ವಲ್ಪ ಹೆಚ್ಚಾದರೂ ಸರಿ. ಹೋಟೆಲಿನವರಿಗೆ ಈಗಲೇ ಬರೆದು ಕೇಳು: ಕೋಣೆಗೆ ಕಾರ್ಡೋ, ಕಬ್ಬಿಣದ ಬೀಗದ ಕೈಯೋ? ಮೆಟ್ಟಿಲು ಹತ್ತಿ ಹೋಗುವ ಮಹಡಿಯಲ್ಲಿ ಕೋಣೆ ಸಿಗುತ್ತದೆಯೇ? ಮುಂಬಾಗಿಲು ತಾನಾಗಿ ತೆರೆದುಕೊಳ್ಳುವಂಥದ್ದೇ? ಬಚ್ಚಲಿಗೆ ಕಾಲಿಟ್ಟ ಕೂಡಲೇ ದೀಪ ಹತ್ತಿಕೊಳ್ಳುತ್ತದೆಯೇ? ಮೇಣದಬತ್ತಿ ಎಲ್ಲಿ ಹಚ್ಚಬಹುದು? ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಸಿಕ್ಕಿತೆಂದು ಹಿಗ್ಗಬೇಡ, ಅಲ್ಲಿನ ಪಾತ್ರೆ, ಓವನ್ ಅವಳಿಗೆ ಉಪಯೋಗಕ್ಕಿಲ್ಲ. ಶುಕ್ರವಾರ ರಾತ್ರಿ, ಶನಿವಾರ ಮಧ್ಯಾಹ್ನ ಎರಡು ಹೊತ್ತಿನ ಊಟಕ್ಕೂ ಮೊದಲೇ ಹೆಸರು ಬರೆಸಿ ದುಡ್ಡು ಕಟ್ಟಿರಬೇಕು. ಖಬಾದ್ ಎಂಬ ಯಹೂದಿ ಸಂಸ್ಥೆಯವರನ್ನು ಕೇಳಿ. ಜೊತೆಗೆ ನೀನೂ ಬರುತ್ತೀಯ ಎಂದು ಅವಳೇ ಅವರಿಗೆ ತಿಳಿಸಲಿ.

ಇದೊಂದನ್ನು ಮರೆಯಬೇಡ. ಶಬ್ಬತ್ ದಿನ ಅವಳಿಗೆ ಸಹಾಯ ಮಾಡುತ್ತೇನೆಂದು ದೀಪ ಹಾಕಲು, ಲಿಫ್ಟ್ ಒತ್ತಲು ನೀನಾಗಿ ಮುಂದೆ ಹೋಗಬೇಡ. ಅವಳಿಗೋಸ್ಕರ ನೀನು ಮಾಡಿದ್ದನ್ನೂ ಅವಳು ಬಳಸುವ ಹಾಗಿಲ್ಲದೆ ಹೋಗಬಹುದು. ಶುಕ್ರವಾರ ಮಧ್ಯಾಹ್ನ ಇಬ್ಬರೂ ಕೂತು ಯಾವ ದೀಪ ಉರಿಯುತ್ತಿರಲಿ, ಯಾವುದು ಆರಿರಲಿ ಎಂದು ಮಾತಾಡಿಕೊಳ್ಳಿ. ಗೋಲ್ಡರ್ಸ್ ಗ್ರೀನ್‌ನಲ್ಲಿ ಪಕ್ಕದ ಮನೆಯಾಕೆ ಶನಿವಾರ ಕೈಕೂಸನ್ನು ಬಿಟ್ಟು ಹೊರಗೆ ಬರುವಂತೆಯೇ ಇರಲಿಲ್ಲ, ಮಗುವಿನ ಗಾಡಿ ಬೀದಿಗೆ ತಳ್ಳಬಾರದು. 2003ರಲ್ಲಿ ಆ ಬಡಾವಣೆಗಳನ್ನೆಲ್ಲ ಸುತ್ತುವರಿಯುವಂತೆ ಕಂಬ, ತಂತಿ ಕಟ್ಟಿ ಎರೂವ್ ಮಾಡಿದರು. ಆ ಎಲ್ಲೆಯ ಒಳಗೆ ಸಾಮಾನು ಒಯ್ಯಬಹುದು, ಗಾಡಿ ತಳ್ಳಬಹುದು. ಆಮೇಲೊಂದು ಶನಿವಾರ ಆಕೆ ಗಾಡಿ ತಳ್ಳಿಕೊಂಡು ನಮ್ಮ ಗೇಟಿನ ಮುಂದೆ ನಿಂತಾಗಿನ ಮುಖ ನಾನು ಮರೆತಿಲ್ಲ. ರೋಮ್‌ನಲ್ಲಿ ಏನು ಒಯ್ಯಬಹುದು, ಏನು ಕೂಡದು ಎಂದು ಅವಳು ತನ್ನ ಧರ್ಮಗುರುವನ್ನು, ಅಂದರೆ ರಬ್ಬಿಯನ್ನು, ಕೇಳಿಕೊಳ್ಳಲಿ.

ಊಟಕ್ಕೆ ಘೆಟ್ಟೊದ ವಿಯಾ ದೆಲ್ ಪೋರ್ಟಿಕೊ ದೊತ್ತಾವಿಯಾ ಎಂಬ ಒಂದೇ ಬೀದಿ ಸಾಕು. ಆದರೆ ಬೋರ್ಡಿನಲ್ಲಿ ಯಹೂದಿ ಅಡುಗೆ ಎಂದು ಬರೆದಿದ್ದೆಲ್ಲ ಕೋಷರ್ ಅಲ್ಲ. ಗೋಡೆಯ ಮೇಲಿನ ಪ್ರಮಾಣಪತ್ರವನ್ನು ಅವಳು ಓದಿ ಹೂಂ ಅಂದಮೇಲೆ ನೀನು ಕುರ್ಚಿ ಎಳೆದುಕೋ. ಮಾಂಸದ ಹೋಟೆಲ್ ಬೇರೆ, ಹಾಲಿನದು ಬೇರೆ. ಮಾಂಸ ತಿಂದಮೇಲೆ ಹಾಲಿನ ಪದಾರ್ಥಕ್ಕೆ ಕಾಯಬೇಕು, ಕೆಲವು ಮನೆತನಗಳಲ್ಲಿ ಮೂರು ಗಂಟೆ, ಹಲವರಲ್ಲಿ ಆರು. ರಾತ್ರಿ ಊಟ ಮುಗಿಸಿ ಜೆಲಾಟೊ ಐಸ್‌ಕ್ರೀಮ್ ತಿನ್ನೋಣ ಬಾ ಎಂದು ಅವಳನ್ನು ಎಳೆಯಬೇಡ. ಮಧ್ಯಾಹ್ನ ಹಾಲಿನ ಊಟ, ಅದರ ಹಿಂದೆಯೇ ಕೋಷರ್ ಜೆಲಾಟೊ, ರಾತ್ರಿಗೆ ಬೇಕಿದ್ದರೆ ಅವಳಿಗೆ ಮಾಂಸ. ಹೀಗೆ ಮಾಡಿದರೆ ಮಧ್ಯಾಹ್ನ ನಿನ್ನ ಹೊಟ್ಟೆಯೂ ತುಂಬುತ್ತದೆ.

ಫೆಬ್ರವರಿಯಿಂದ ಆರ್ಟಿಚೋಕ್ ಎಂಬ ತರಕಾರಿಯ ಕಾಲ. ಇಡೀ ಮೊಗ್ಗನ್ನು ಎಣ್ಣೆಯಲ್ಲಿ ಎರಡು ಸಲ ಕರಿದು, ಎಸಳು ಬಿಚ್ಚಿ ಹೂವಿನ ಹಾಗೆ ಗರಿಗರಿಯಾಗಿ ತಂದಿಡುತ್ತಾರೆ. ಈ ಕಾರ್ಚೋಫಿ ಅಲ್ಲಾ ಜೂದಿಯಾ ಆ ಘೆಟ್ಟೊದ್ದೇ ತಿಂಡಿ. ಇಡಿಯಾಗಿ ಕರಿದರೆ ಎಸಳಿನ ಸಂದಿಯ ಹುಳ ನೋಡಲಾಗದು, ಇದು ಕೋಷರ್ ಅಲ್ಲ ಎಂದು 2018ರಲ್ಲಿ ಇಸ್ರೇಲಿನ ಮುಖ್ಯ ರಬ್ಬಿಗಳ ಸಂಸ್ಥೆ ಹೇಳಿತು. ನಮ್ಮ ಆರ್ಟಿಚೋಕಿನ ಎಸಳು ಬಿಗಿ, ಶೋಧಿಸುವ ಕ್ರಮ ನಮಗೆ ಗೊತ್ತು ಎಂದು ರೋಮ್‌ನವರು ಮಾಡುತ್ತಲೇ ಬಂದರು. ನಿನ್ನ ಗೆಳತಿ ಯಾರ ಮಾತಿಗೆ ನಡೆಯುತ್ತಾಳೋ ಅದು ಅವಳದು. ತಿಂದರೆ ಹಂಚಿಕೋ, ಬೇಡವೆಂದರೆ ಒತ್ತಾಯ ಮಾಡಬೇಡ.

ಶನಿವಾರ ಏನೂ ನೋಡಲಾಗುವುದಿಲ್ಲವಲ್ಲ ಎಂದೆ ನೀನು. ಟಿಕೆಟ್ಟೇ ಬೇಡದ ರೋಮ್ ಕಾಲ್ನಡಿಗೆಯಲ್ಲೇ ಇದೆ. ಪಿಯಾಜಾ ಮಾತ್ತೇಯಿಯ ಆಮೆಗಳ ಕಾರಂಜಿ ನೋಡಿ. ಅಲ್ಲಿಂದ ಫಾಬ್ರಿಚಿಯೊ ಸೇತುವೆ ದಾಟಿ ಟೈಬರ್ ನದಿಯ ದ್ವೀಪಕ್ಕೆ ಹೋಗಿ. ಕ್ರಿಸ್ತಪೂರ್ವ 62ರಲ್ಲಿ ಕಟ್ಟಿದ ಸೇತುವೆ ಅದು, ಇವತ್ತಿಗೂ ಜನ ಅದರ ಮೇಲೆ ನಡೆಯುತ್ತಿದ್ದಾರೆ. ಆಚೆ ದಡದ ಟ್ರಾಸ್ಟೆವೆರೆಯಲ್ಲೇ ಪ್ರಾಚೀನ ಕಾಲದಲ್ಲಿ ಯಹೂದಿಗಳು ಹೆಚ್ಚಾಗಿ ಇದ್ದದ್ದು. ಬಾಯಾರಿದರೆ ಬೀದಿ ಬೀದಿಯಲ್ಲೂ ಸದಾ ಹರಿಯುವ ನಲ್ಲಿಗಳಿವೆ, ಬೊಗಸೆ ಒಡ್ಡಿದರಾಯಿತು.

1555ರಲ್ಲಿ ನಾಲ್ಕನೇ ಪೌಲ್ ಪೋಪ್ ಯಹೂದಿಗಳನ್ನೆಲ್ಲ ನದಿಯ ನೆರೆ ನುಗ್ಗುವ ಘೆಟ್ಟೊದ ಆ ತಗ್ಗಿಗೆ ತಳ್ಳಿ ಗೋಡೆ ಹಾಕಿಸಿದ. ರಾತ್ರಿ ಬಾಗಿಲಿಗೆ ಬೀಗ. 1943ರ ಅಕ್ಟೋಬರ್ 16ರ ಬೆಳಗಿನ ಜಾವ ಜರ್ಮನ್ ಸೈನಿಕರು ಅಲ್ಲಿ ಮನೆ ಮನೆ ಹೊಕ್ಕು ಜನರನ್ನು ಎಳೆದೊಯ್ದರು. ಸಾವಿರಕ್ಕೂ ಹೆಚ್ಚು ಮಂದಿಯನ್ನು ಆಶ್ವಿಟ್ಜ್‌ಗೆ ಕಳಿಸಿದರು, ತಿರುಗಿ ಬಂದವರು 16 ಮಂದಿ. ಅವತ್ತೂ ಶನಿವಾರವೇ. ಹೊಸ್ತಿಲುಗಳ ಮುಂದೆ ನೆಲದಲ್ಲಿ ಹೆಸರು ಕೆತ್ತಿದ ಹಿತ್ತಾಳೆಯ ಪುಟ್ಟ ಕಲ್ಲುಗಳಿವೆ. ಕಣ್ಣು ನೆಲದ ಮೇಲಿರಲಿ, ಅಲ್ಲಿ ನಿಂತು ಫೋಟೊಗೆ ಪೋಸ್ ಕೊಡಬೇಡ.

1904ರಲ್ಲಿ ತೆರೆದ ದೊಡ್ಡ ಸಿನಗಾಗ್, ಯಹೂದಿಗಳ ಪ್ರಾರ್ಥನಾಮಂದಿರ, ದೂರದಿಂದಲೇ ಗುರುತು ಸಿಗುತ್ತದೆ, ಗುಮ್ಮಟ ಚೌಕವಾಗಿದೆ. 1982ರಲ್ಲಿ ಅದರ ಬಾಗಿಲಲ್ಲೇ ನಡೆದ ದಾಳಿಯಲ್ಲಿ ಎರಡು ವರ್ಷದ ಮಗು ಸತ್ತಿತು. ಕಾವಲಿನವರು ಗಟ್ಟಿಯಾಗಿ ಪ್ರಶ್ನೆ ಕೇಳಿದರೆ ಬೇಸರ ಮಾಡಿಕೊಳ್ಳಬೇಡ. ಅವಳು ಪ್ರಾರ್ಥನೆಗೆ ಹೋಗುವುದಿದ್ದರೆ ಮೊದಲೇ ಬರೆದು ತಿಳಿಸಿರಲಿ. ಕೆಳಗಿನ ಮ್ಯೂಸಿಯಂ ಶನಿವಾರ ಮುಚ್ಚಿರುತ್ತದೆ, ಅದು ಭಾನುವಾರಕ್ಕೆ.

ಚರ್ಚುಗಳ ಒಳಗೆ ಅವಳು ಬರದೇ ಇರಬಹುದು. ಹಳೆಯ ರೋಮನ್ ದೇವಾಲಯ ಪ್ಯಾಂಥಿಯನ್ ಕೂಡ 609ರಿಂದ ಚರ್ಚೇ. ವ್ಯಾಟಿಕನ್‌ಗೆ ನೀನೊಬ್ಬಳೇ ಶುಕ್ರವಾರ ಬೆಳಿಗ್ಗೆ ಬೇಗ ಹೋಗಿ ಬಾ, ಮೂರು ಗಂಟೆಯೊಳಗೆ ಕೋಣೆ ಸೇರು. ರೋಮನ್ ಚಕ್ರವರ್ತಿ ಟೈಟಸ್‌ನ ಕಮಾನಿನಲ್ಲಿ ಜೆರುಸಲೇಮಿನ ದೇವಾಲಯದಿಂದ ದೋಚಿದ ದೀಪಸ್ತಂಭವನ್ನು ಸೈನಿಕರು ಹೊತ್ತು ನಡೆಯುವ ಕೆತ್ತನೆ ಇದೆ. ಅದರ ಕೆಳಗೆ ಹಾದು ಹೋಗಬಾರದೆಂದು ಅನೇಕ ಯಹೂದಿಗಳು ತಲೆತಲಾಂತರದಿಂದ ಪಾಲಿಸಿಕೊಂಡು ಬಂದಿದ್ದಾರೆ. ಅವಳು ಸುತ್ತಿ ಹೋದರೆ ನೀನೂ ಅವಳ ಜೊತೆ ಸುತ್ತು.

ಭಾನುವಾರ ಸಮಯ ಉಳಿದರೆ ರೋಮ್ ಹತ್ತಿರದ ಹಳೆಯ ಬಂದರು ಪಟ್ಟಣ ಓಸ್ತಿಯಾ ಆಂತೀಕಾ. 1961ರಲ್ಲಿ ವಿಮಾನ ನಿಲ್ದಾಣಕ್ಕೆ ರಸ್ತೆ ಮಾಡುವಾಗ ಸುಮಾರು ಎರಡು ಸಾವಿರ ವರ್ಷ ಹಳೆಯ ಸಿನಗಾಗ್ ಒಂದು ಅಲ್ಲಿ ಸಿಕ್ಕಿತು. ರೋಮ್ ಅವಳಿಗೆ ಬರೀ ಪ್ರವಾಸದ ಜಾಗವಲ್ಲ ಎಂಬುದು ಅಲ್ಲಿ ನಿಂತಾಗ ನಿನಗೇ ತಿಳಿಯುತ್ತದೆ.

ವಿಮಾನದಲ್ಲಿ ಕೋಷರ್ ಊಟ ಸಿಗುವುದಾದರೆ ಎರಡು ದಿನ ಮೊದಲೇ ಹೇಳಿರಬೇಕು. ಎರಡು ಪದರ ಸುತ್ತಿ ಮುದ್ರೆ ಹಾಕಿ ಬರುತ್ತದೆ, ಅವಳ ಬದಲು ನೀನು ಬಿಚ್ಚಬೇಡ.

ನಿಮ್ಮಪ್ಪನ ಸ್ನೇಹಿತರ ಮಗ ಮುಂದಿನ ವಾರ ಮ್ಯಾಂಚೆಸ್ಟರ್‌ಗೆ ಬರುತ್ತಿದ್ದಾನೆ. ನಿನಗೆ ಚಟ್ನಿಪುಡಿ, ಹಪ್ಪಳ ಕಳಿಸುತ್ತಿದ್ದೇನೆ. ಅದರ ಜೊತೆ ಒಂದು ಹೊಸ ಸ್ಟೀಲ್ ಟಿಫನ್ ಕ್ಯಾರಿಯರ್ ಇದೆ, ಅದು ಅವಳಿಗೆ. ಚಟ್ನಿಪುಡಿ ಅದರೊಳಗೆ ತುಂಬಿಲ್ಲ. ನೀನೂ ಏನೂ ತುಂಬಬೇಡ, ತೊಳೆಯಲೂ ಬೇಡ. ಲೇಬಲ್ ಅಂಟಿಕೊಂಡಿದ್ದ ಹಾಗೇ ಅವಳ ಕೈಗೆ ಕೊಡು. ಬಳಸುವ ಮುಂಚೆ ಅವಳು ಅದನ್ನು ಮಿಕ್ವೆಯ, ಅಂದರೆ ಯಹೂದಿಗಳ ಶುದ್ಧಿಯ ಕೊಳದ, ನೀರಲ್ಲಿ ಮುಳುಗಿಸಬೇಕು. ಅಂಗಡಿಯವರು ಹೆಸರು ಕೆತ್ತಿಕೊಡಲಾ ಅಂದರು. ಮುಚ್ಚಳದ ಮೇಲೆ ಅವಳ ಹೆಸರನ್ನೇ ಕನ್ನಡದಲ್ಲಿ ಕೆತ್ತಿಸಿದ್ದೇನೆ, ನೀನು ಓದಿ ಹೇಳು.

ನಿನ್ನ
ಅಮ್ಮ