ನೋಟು ಒಂದೇ, ಗಲ್ಲಾಪೆಟ್ಟಿಗೆ ಬೇರೆ ಬೇರೆ

ಮಾನ್ಯ ಸಂಪಾದಕರೇ,

ಯುರೋಪಿನ ಒಕ್ಕೂಟವನ್ನು ಹೊಗಳಿ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಹೊಗಳಿದ್ದರಲ್ಲಿ ತಪ್ಪೇನಿಲ್ಲ. ಎರಡು ಮಹಾಯುದ್ಧಗಳಲ್ಲಿ ಹೊಡೆದಾಡಿದ ಫ್ರಾನ್ಸ್ ಮತ್ತು ಜರ್ಮನಿ 1951ರಲ್ಲಿ ಇನ್ನೂ ನಾಲ್ಕು ದೇಶಗಳ ಜೊತೆ ಸೇರಿ ಕಲ್ಲಿದ್ದಲು, ಉಕ್ಕಿನ ಉಸ್ತುವಾರಿಯನ್ನು ಒಟ್ಟು ಮಾಡಿಕೊಂಡವು. ತೋಪು, ಬಂದೂಕು ಆಗುವುದೇ ಉಕ್ಕಿನಿಂದ, ಅಲ್ವಾ? ಆಮೇಲೆ ಅವರಿಬ್ಬರ ನಡುವೆ ಯುದ್ಧವೇ ಆಗಿಲ್ಲ. ಇದು ಸಣ್ಣ ಸಾಧನೆಯಲ್ಲ.

ಆದರೆ ಲೇಖನದಲ್ಲಿ ಗ್ರೀಸಿನ ಹೆಸರೇ ಇಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತು ವರ್ಷ ಕೂತ ನನಗೆ ಅದೇ ಮುಖ್ಯ ಕಥೆ.

2015ರ ಜೂನ್ ಕೊನೆಗೆ ಅಲ್ಲಿ ಬ್ಯಾಂಕುಗಳಿಗೆ ಬಾಗಿಲು ಹಾಕಿದರು. ಎಟಿಎಂನಲ್ಲಿ ದಿನಕ್ಕೆ 60 ಯುರೋ ಮಾತ್ರ. ನಾವು 2016ರ ನವೆಂಬರಿನಲ್ಲಿ ಕಂಡಂಥ ಕ್ಯೂ ಅಲ್ಲಿ ಒಂದು ವರ್ಷ ಮೊದಲೇ ನಿಂತಿತ್ತು, ಕಾರಣ ಬೇರೆ. ಗ್ರೀಸ್ ಸರ್ಕಾರ ಮಿತಿಮೀರಿ ಸಾಲ ಮಾಡಿದ್ದು ನಿಜ. ಲೆಕ್ಕ ಮುಚ್ಚಿಟ್ಟಿದ್ದೂ ನಿಜ. ಒಕ್ಕೂಟದ ಒಪ್ಪಂದದ ಪ್ರಕಾರ ಸದಸ್ಯ ದೇಶದ ಬಜೆಟ್ ಕೊರತೆ ಜಿಡಿಪಿಯ ಶೇ 3 ದಾಟಬಾರದು. 2009ರಲ್ಲಿ ಅದು ಶೇ 15 ದಾಟಿತ್ತು ಎಂದು ಆಮೇಲೆ ಗೊತ್ತಾಯಿತು. ಆದರೆ ಕಡಿಮೆ ಬಡ್ಡಿಗೆ ಸಾಲ ಕೊಟ್ಟವರಲ್ಲಿ ಜರ್ಮನಿ, ಫ್ರಾನ್ಸಿನ ಬ್ಯಾಂಕುಗಳೂ ಇದ್ದವು. ಸಾಲ ಕೊಡುವವನೂ ಕಣ್ಣು ತೆರೆದಿರಬೇಕು ಎಂದು ನಮಗೆ ಟ್ರೈನಿಂಗಿನ ಮೊದಲ ದಿನವೇ ಹೇಳುತ್ತಿದ್ದರು.

ಯುರೋಗೆ ಮುಂಚೆ ಇದ್ದ ಗ್ರೀಸಿನ ಸ್ವಂತ ನೋಟು ಡ್ರಾಕ್ಮಾ ಉಳಿದಿದ್ದರೆ ಅದರ ಬೆಲೆ ಬೀಳುತ್ತಿತ್ತು. ಅಲ್ಲಿನ ಆಲಿವ್ ಎಣ್ಣೆ, ಹೋಟೆಲ್ ರೂಮು ಹೊರಗಿನವರಿಗೆ ಅಗ್ಗವಾಗಿ, ದೇಶ ಸ್ವಲ್ಪ ಉಸಿರಾಡುತ್ತಿತ್ತು. ಆದರೆ ಯುರೋ ಹಲವು ದೇಶಗಳಿಗೆ ಒಂದೇ ನೋಟು, ಅದರ ಬಡ್ಡಿ ತೀರ್ಮಾನ ಆಗುವುದು ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿರುವ ಯುರೋಪಿನ ಕೇಂದ್ರ ಬ್ಯಾಂಕಿನಲ್ಲಿ. ಅಥೆನ್ಸಿನ ಕೈಯಲ್ಲಿ ಉಳಿದದ್ದು ಸಂಬಳ, ಪಿಂಚಣಿ ಕತ್ತರಿಸುವುದೊಂದೇ. 2010ರಲ್ಲಿ 110 ಬಿಲಿಯನ್ ಯುರೋ ನೆರವು ಘೋಷಿಸಿದಾಗಲೂ ಷರತ್ತು ಅದೇ. 2013ಕ್ಕೆ ದುಡಿಯಬಲ್ಲವರಲ್ಲಿ ನಾಲ್ಕಕ್ಕೊಬ್ಬರಿಗಿಂತ ಜಾಸ್ತಿ ಜನಕ್ಕೆ ಕೆಲಸವಿರಲಿಲ್ಲ. 2015ರ ಜುಲೈ 5ರಂದು ಶೇ 61 ಮಂದಿ ಷರತ್ತು ಬೇಡ ಎಂದು ಮತ ಹಾಕಿದರು. ಎಂಟೇ ದಿನಕ್ಕೆ ಅವರದೇ ಸರ್ಕಾರ ಹೊಸ ಷರತ್ತುಗಳಿಗೆ ತಲೆಯಾಡಿಸಿತು.

ನಮ್ಮಲ್ಲೂ ರೂಪಾಯಿ ಒಂದೇ. ಆದರೆ ತೆರಿಗೆ ದೆಹಲಿಗೆ ಹೋಗಿ ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. 15ನೇ ಹಣಕಾಸು ಆಯೋಗ ಕರ್ನಾಟಕದ ಪಾಲನ್ನು ಶೇ 4.71ರಿಂದ ಶೇ 3.65ಕ್ಕೆ ಇಳಿಸಿದಾಗ ನಾವು ಗೊಣಗಿದೆವು. ನಾನೂ ಗೊಣಗಿದೆ, ಈಗಲೂ ಗೊಣಗುತ್ತೇನೆ. ಆದರೂ ಹಂಚಿಕೆ ಅಂತ ಒಂದು ಇದೆಯಲ್ಲ! ಯುರೋಪಿನ ಒಕ್ಕೂಟದ ಬಜೆಟ್ ಸದಸ್ಯ ದೇಶಗಳ ಒಟ್ಟು ವರಮಾನದ ಶೇ 1ರ ಆಸುಪಾಸು. ಅಷ್ಟರಲ್ಲಿ ಯಾರ ಹೊಟ್ಟೆ ತುಂಬುತ್ತದೆ? 2020ರಲ್ಲಿ ಕೊರೋನಾ ಹೊಡೆತಕ್ಕೆ 750 ಬಿಲಿಯನ್ ಯುರೋ ನಿಧಿಗಾಗಿ ಎಲ್ಲರ ಹೆಸರಿನಲ್ಲಿ ಸಾಲ ಎತ್ತಲು ಒಪ್ಪಿದರು. ಅದೂ ಇದೊಂದು ಸಲಕ್ಕೆ ಮಾತ್ರ ಎಂದು ಹೇಳಿ.

ಇಷ್ಟಾದರೂ ಗ್ರೀಕರಲ್ಲಿ ಹೆಚ್ಚಿನವರು ಡ್ರಾಕ್ಮಾ ವಾಪಸ್ ಬೇಕು ಅನ್ನಲಿಲ್ಲ. ಉಳಿತಾಯವೆಲ್ಲ ಯುರೋದಲ್ಲಿತ್ತು, ನೋಟು ಬದಲಾದರೆ ಅದು ಕರಗುತ್ತದೆ ಎಂಬ ಭಯ. ಬ್ರಿಟನ್ ಹೊರಗೆ ಹೋಗಬಹುದಿತ್ತು, ಹೋಯಿತು. ಅವರ ಜೇಬಿನಲ್ಲಿ ಯಾವತ್ತೂ ಪೌಂಡೇ ಇತ್ತು.

ಒಬ್ಬ ನಿವೃತ್ತ ಬ್ಯಾಂಕ್ ನೌಕರ
ಶಿವಮೊಗ್ಗ