ಬಿಸಿಲೇರಿದಷ್ಟೂ ತುಂಬುವ ಜೋಗಿಣಿ

ಪ್ರೀತಿಯ ಗೆಳೆಯಾ,

ಚೆನ್ನಾಗಿದ್ದೀಯಾ? ಮನಾಲಿಯಲ್ಲಿ ನೀನು ನೋಡಲೇಬೇಕಾದ ಜಾಗ ಒಂದಿದೆ, ಜೋಗಿಣಿ ಜಲಪಾತ ಅಂತ. ಬಿಯಾಸ್ ನದಿ ದಾಟಿದರೆ ವಶಿಷ್ಠ ಎಂಬ ಊರು. ಅಲ್ಲಿಂದ ಮುಂದೆ ನಡೆದೇ ಹೋಗಬೇಕು.

ಮೊದಲು ಸೇಬಿನ ತೋಟಗಳು, ಆಮೇಲೆ ಪೈನ್, ದೇವದಾರು. ಒಂದು ದೇವದಾರು ಮರದ ತೊಗಟೆ ಮುಟ್ಟಿ ನೋಡಿದೆ. ಒರಟು, ಉದ್ದುದ್ದ ಸೀಳು, ಸೀಳಿನೊಳಗೆ ಗಟ್ಟಿಯಾದ ಅಂಟು. ಬೆರಳಿಗೆ ಹತ್ತಿದ ಆ ಪರಿಮಳ ರಾತ್ರಿ ಊಟದ ಹೊತ್ತಿಗೂ ಹೋಗಿರಲಿಲ್ಲ. ಮರದಲ್ಲಿರುವ ಎಣ್ಣೆಯಿಂದಾಗಿ ಇದಕ್ಕೆ ಹುಳು ಸುಲಭಕ್ಕೆ ಹಿಡಿಯುವುದಿಲ್ಲ. ಅದಕ್ಕೇ ಇಲ್ಲಿನ ಹಳೇ ಮನೆ, ಗುಡಿಗಳ ಗೋಡೆಯಲ್ಲಿ ಒಂದು ಸಾಲು ಕಲ್ಲು, ಒಂದು ಸಾಲು ದೇವದಾರು ತೊಲೆ. ಕಾಠ್‌ಕುಣಿ ಅಂತಾರೆ.

ಇನ್ನು ಜಲಪಾತ. ನಮ್ಮ ಕಡೆ ಜಲಪಾತ ತುಂಬಲು ಮಳೆ ಬರಬೇಕು. ಇಲ್ಲಿ ಬೇಸಿಗೆಯಲ್ಲಿ ಬಿಸಿಲೇ ಸಾಕು! ಮೇಲಿನ ಬೆಟ್ಟದ ಹಿಮ ಕರಗಿ ಬರುವ ನೀರಿದು. ರಾತ್ರಿ ಚಳಿಗೆ ಕರಗುವುದು ಕಡಿಮೆ, ಹಾಗಾಗಿ ಬೆಳಿಗ್ಗೆ ಧಾರೆ ಸಣ್ಣದು. ಬಿಸಿಲಿಗೆ ಕರಗಿದ್ದು ಕೆಳಗೆ ಬಂದು ಮುಟ್ಟುವಷ್ಟರಲ್ಲಿ ಮಧ್ಯಾಹ್ನ ದಾಟಿರುತ್ತದೆ. ನಾನು ಹೋದಾಗ ಪೂರ್ತಿ ಒಣಗಿದ್ದ ಒಂದು ಚಪ್ಪಟೆ ಬಂಡೆಯ ಅಂಚಿಗೆ, ಹೊರಡುವ ಹೊತ್ತಿಗೆ ನೀರು ಬಂದು ಬಡಿಯುತ್ತಿತ್ತು. ಮೋಡ ಇಲ್ಲ, ಹನಿ ಮಳೆ ಇಲ್ಲ. ಸುಮ್ನೆ ಕೂತು ಅದನ್ನೇ ನೋಡಿದೆ. ಕಾಲಿಟ್ಟರೆ ಕ್ಷಣದಲ್ಲಿ ಮರಗಟ್ಟುವಷ್ಟು ತಣ್ಣಗಿನ ನೀರು.

ಇಲ್ಲಿಯವರಿಗೆ ಜೋಗಿಣಿಯರು ಬೆಟ್ಟ, ಕಾಡು, ನೀರಿನಲ್ಲಿ ನೆಲೆಸಿರುವ ದೇವತೆಗಳು. ಅಂಥ ಜಾಗದಲ್ಲಿ ಚಿಪ್ಸ್ ಪ್ಯಾಕೆಟ್, ಬಾಟಲಿ ಬಿದ್ದಿದ್ದು ನೋಡಿ ಹೊಟ್ಟೆ ಉರಿಯಿತು. ಕೈಲಾದಷ್ಟು ಆರಿಸಿ ತಂದೆ. ದೇವರನ್ನು ನಂಬದವರೂ ಯೋಚಿಸಬೇಕು, ಇದೇ ನೀರು ಕೆಳಗೆ ಬಿಯಾಸ್ ಸೇರುತ್ತದೆ ಅಲ್ವಾ?

ನೀನು ಬರುವುದಾದರೆ ಮೇ ತಿಂಗಳು ಒಳ್ಳೆಯದು. ಆ ಹೊತ್ತಿಗೆ ಹಿಮ ಕರಗುವುದೂ ಜೋರಾಗಿರುತ್ತದೆ. ಅಕ್ಟೋಬರ್ ಕೂಡ ಚೆಂದ, ಆದರೆ ನೀರು ಕಡಿಮೆ. ಜುಲೈ, ಆಗಸ್ಟ್ ಮಾತ್ರ ಬೇಡ ಮಾರಾಯ. 2023ರ ಜುಲೈ ಮಳೆಗೆ ಬಿಯಾಸ್ ಉಕ್ಕಿ ಕುಲ್ಲು–ಮನಾಲಿ ರಸ್ತೆ ಎಷ್ಟೋ ಕಡೆ ಕೊಚ್ಚಿಹೋಗಿತ್ತು.

ಅಮ್ಮನನ್ನೂ ಕರೆದುಕೊಂಡು ಬಾ. ಕೊನೆಯ ಏರು ಅವರಿಗೆ ಕಷ್ಟವಾದರೆ ವಶಿಷ್ಠದಲ್ಲೇ ಇರಲಿ. ಅಲ್ಲಿನ ದೇವಸ್ಥಾನದಲ್ಲಿ ಗಂಧಕದ ಬಿಸಿನೀರಿನ ಬುಗ್ಗೆ ಇದೆ, ಹೆಂಗಸರ ಸ್ನಾನಕ್ಕೆ ಬೇರೆ ಕೊಳ ಇದೆ. ಮಂಡಿ ನೋವಿಗೆ ಹಾಯೆನಿಸುತ್ತದೆ. ರಜೆ ಯಾವಾಗ ಸಿಗುತ್ತದೆ ಅಂತ ಬೇಗ ತಿಳಿಸು, ನಾನೂ ಇನ್ನೊಮ್ಮೆ ಬರುತ್ತೇನೆ.

ನಿನ್ನ ಗೆಳೆಯ