ಆ ನೋಟ್‌ಬುಕ್ ಎತ್ತಿಟ್ಟಿದ್ದೇನೆ

ಪ್ರೀತಿಯ ಪುಟ್ಟಿ,

ಎದುರಿಗೆ ಕೂತರೆ ನಮ್ಮ ಮಾತು ಟೆಸ್ಟು, ಟ್ಯೂಷನ್ ಕಡೆಗೇ ಹೋಗಿಬಿಡುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಆರನೇ ಕ್ಲಾಸಿನ ಬೇಸಿಗೆ ರಜೆ ನೆನಪಿದೆಯಾ? ರಾತ್ರಿ ಹನ್ನೊಂದಾದರೂ ನಿನ್ನ ಹೊದಿಕೆಯೊಳಗೆ ಟಾರ್ಚ್ ಬೆಳಕು. ತೇಜಸ್ವಿಯವರ ‘ಕರ್ವಾಲೊ’ ಓದುತ್ತಿದ್ದೆ. ಬೆಳಿಗ್ಗೆ ಹಲ್ಲುಜ್ಜುವ ಮೊದಲೇ ಅಡುಗೆಮನೆಗೆ ಓಡಿಬಂದು, “ಅಮ್ಮಾ, ಹಾರುವ ಓತಿ ನಿಜವಾಗ್ಲೂ ಇದೆಯಾ?” ಅಂತ ಕೇಳಿದೆ. ಇದೆ ಪುಟ್ಟಿ, ನಮ್ಮ ಪಶ್ಚಿಮ ಘಟ್ಟದಲ್ಲೇ ಇದೆ. ಪಕ್ಕೆಯ ಚರ್ಮ ಅಗಲಿಸಿಕೊಂಡು ಮರದಿಂದ ಮರಕ್ಕೆ ತೇಲಿ ಹೋಗುತ್ತದೆ. ಆವತ್ತು ಅಷ್ಟು ಹೇಳಿ ಸುಮ್ಮನಿರಬೇಕಿತ್ತು ನಾನು. ಒಂದು ನೋಟ್‌ಬುಕ್ ಕೈಗಿಟ್ಟು, ಸಾರಾಂಶ ಬರಿ, ದಿನಕ್ಕೆ ಹತ್ತು ಹೊಸ ಪದ ಬರಿ ಅಂದೆ. ಹನ್ನೆರಡು ಪುಟ ತುಂಬಿತು. ಹದಿಮೂರನೆಯದರಲ್ಲಿ ಬರೀ ತಾರೀಕಿದೆ. ಆಮೇಲೆ ನೀನು ಕಥೆ ಪುಸ್ತಕ ಮುಟ್ಟಿದ್ದು ನಾನು ನೋಡಿಲ್ಲ. ನಿನ್ನ ಖುಷಿಯನ್ನು ಹೋಮ್‌ವರ್ಕ್ ಮಾಡಿಬಿಟ್ಟೆ. ತಪ್ಪು ನನ್ನದು.

ಇದು ಹೊಳೆದದ್ದು ಮೊನ್ನೆ ಶನಿವಾರ, ಕಬ್ಬನ್ ಪಾರ್ಕಿನಲ್ಲಿ. 2023ರಿಂದ ಅಲ್ಲಿ ಶನಿವಾರ ಜನ ಸೇರಿ ಓದುತ್ತಾರೆ. ಚಾಪೆ ಹಾಸಿಕೊಂಡು, ತಮಗೆ ಬೇಕಾದ ಪುಸ್ತಕ ಹಿಡಿದು, ಮಾತಿಲ್ಲದೆ. ನಿನ್ನ ವಯಸ್ಸಿನ ಒಬ್ಬಳು ಚಪ್ಪಲಿ ಬಿಟ್ಟು ಬೋರಲು ಮಲಗಿ ಓದುತ್ತಿದ್ದಳು. ಇದ್ದಕ್ಕಿದ್ದಂತೆ ಫಕ್ಕನೆ ನಕ್ಕಳು. ಯಾರಿಗೂ ತೋರಿಸಲಿಲ್ಲ, ಫೋಟೊ ತೆಗೆಯಲಿಲ್ಲ. ಒಂದು ಪುಟ ಹಿಂದೆ ಹೋಗಿ ಅದನ್ನೇ ಓದಿ ಮತ್ತೆ ನಕ್ಕಳು. ನನಗೆ ಟಾರ್ಚ್ ಬೆಳಕು ನೆನಪಾಯಿತು.

ಅಲ್ಲಿಂದ ಕೆಂಪು ಕಟ್ಟಡಕ್ಕೆ ಹೋದೆ, ಅದೇ ರಾಜ್ಯ ಕೇಂದ್ರ ಗ್ರಂಥಾಲಯ. ಮೇಜುಗಳ ತುಂಬಾ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ಅವರನ್ನು ದೂರಲಾರೆ, ಕೆಲಸ ಬೇಕಲ್ವಾ. ಆದರೆ ಕಾದಂಬರಿ ಕಪಾಟಿನ ಮುಂದೆ ಒಬ್ಬರೂ ಇರಲಿಲ್ಲ. ನೋಡಿ ಸಂಕಟವಾಯಿತು. ಇದೇ ಕನ್ನಡದಲ್ಲಿ ಹಳೆಯ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳ ಗಂಟು ತಲೆಮೇಲೆ ಹೊತ್ತು ಊರೂರು ತಿರುಗಿ ಮಾರಿದವರು. ಕೊಂಡವರಿಗೆ ಯಾರೂ ಮಾರ್ಕ್ಸ್ ಕೊಡುತ್ತಿರಲಿಲ್ಲ. ಮುಂದೇನಾಯಿತು ಅನ್ನೋ ತವಕ ಒಂದೇ ಸಾಕಿತ್ತು.

ಅಂದಹಾಗೆ, ಗ್ರಂಥಾಲಯಗಳಲ್ಲಿ ನಮ್ಮ ದುಡ್ಡೂ ಇದೆ. ಮನೆ ಕಂದಾಯದ ಮೇಲೆ ನೂರಕ್ಕೆ 6 ರೂಪಾಯಿ ಗ್ರಂಥಾಲಯ ಕರ ಕಟ್ಟುತ್ತೇವೆ. 1965ರ ಕಾಯ್ದೆಯಿಂದ ಬಂದದ್ದು. ಹಾಗಾಗಿ ಅಲ್ಲಿಗೆ ಹೋಗಲು ಸಂಕೋಚ ಬೇಡ.

ನೋಟ್‌ಬುಕ್ ಅಟ್ಟದ ಮೇಲೆ ಎತ್ತಿಟ್ಟಿದ್ದೇನೆ. ಈ ಶನಿವಾರ ಟ್ಯೂಷನ್‌ಗೆ ರಜೆ ಹೇಳಿದ್ದೇನೆ. ವಿಜಯನಗರದಲ್ಲಿ ಮೆಟ್ರೊ ಹತ್ತಿದರೆ ನೇರ ಕಬ್ಬನ್ ಪಾರ್ಕ್. ನಿನಗಿಷ್ಟವಾದದ್ದು ತಗೋ. ಕಾಮಿಕ್ಸ್ ಆಗಲಿ, ದೆವ್ವದ ಕಥೆಯಾಗಲಿ, ಕನ್ನಡವಾಗಲಿ, ಇಂಗ್ಲಿಷ್ ಆಗಲಿ. ಬೋರಾದರೆ ಅರ್ಧಕ್ಕೇ ಮುಚ್ಚಿಡು. ಏನು ಕಲಿತೆ ಅಂತ ನಾನು ಕೇಳುವುದಿಲ್ಲ. ಓತಿಯಂಥ ಪ್ರಶ್ನೆ ಬಂದರೆ ನೀನೇ ಕೇಳು.

ನೀನು ಪುಸ್ತಕ ಹಿಡಿದುಕೋ, ಚಾಪೆ ನಾನು ಹೊತ್ತು ತರುತ್ತೇನೆ.

ನಿನ್ನ ಅಮ್ಮ